ಚಂದ್ರಿಕೆಯ ಸುರುಳಿ, ರೇಷ್ಮೆಯ ಪೊರೆ: ಕೋಲಾರ ಸೀಮೆಯ ಗೂಡಿನಿಂದ ಜೀವವಸ್ತುವಿನವರೆಗೆ

ಕೋಲಾರ ಸೀಮೆಯ ಚರಿತ್ರೆಯನ್ನು ಕುರಿತ ಬರಹಗಳಲ್ಲಿ ಗಂಗರ ಕುವಲಾಲಪುರ, ಕೋಲಾರಮ್ಮನ ಗುಡಿ, ಕೆರೆಗಳ ಸಾಲು, 2001ರಲ್ಲಿ ಮುಚ್ಚಿಹೋದ ಚಿನ್ನದ ಗಣಿ ಇವುಗಳಿಗೆ ಸಲ್ಲಬೇಕಾದ ಸ್ಥಾನ ಸಂದಿದೆ. ರೇಷ್ಮೆಗೂ ಒಂದು ಅಧ್ಯಾಯ ದೊರೆಯುತ್ತದೆ. ಆದರೆ ಅದು ಬಹುಮಟ್ಟಿಗೆ ಎಕರೆ, ಟನ್ನು ಮತ್ತು ದರಗಳ ಅಧ್ಯಾಯ. ಹುಳು ಸಾಕುವವರ ತಿಳಿವಳಿಕೆ ಏನು, ಆ ತಿಳಿವಳಿಕೆ ಯಾವ ಮಾತುಗಳಲ್ಲಿ ಉಳಿದಿದೆ ಎಂಬುದು ಆ ಅಧ್ಯಾಯದಲ್ಲಿ ಬರುವುದಿಲ್ಲ. ಇನ್ನೊಂದು ಕಡೆ, ಕಳೆದ ಎರಡು ದಶಕಗಳಲ್ಲಿ ಇದೇ ರೇಷ್ಮೆ ಬಟ್ಟೆಯ ಲೋಕದಿಂದ ಹೊರಬಂದು ವೈದ್ಯಕೀಯ ಪ್ರಯೋಗಶಾಲೆಗಳನ್ನು ಸೇರಿದೆ. ನೂಲನ್ನು ಕರಗಿಸಿ, ಪೊರೆಯಾಗಿ ಹರಡಿ, ಆ ಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆ ಗುಳಿಗಳನ್ನು ಮೂಡಿಸಿ, ಅದರ ಮೇಲೆ ಮನುಷ್ಯನ ಜೀವಕೋಶಗಳನ್ನು ಬೆಳೆಸಲಾಗುತ್ತಿದೆ. ಈ ಎರಡು ಚರಿತ್ರೆಗಳನ್ನು ಒಟ್ಟಿಗೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಕೋಲಾರ ತಾಲ್ಲೂಕಿನ ಕ್ಯಾಲನೂರು ಸುತ್ತಿನ ಊರುಗಳು, ಅವುಗಳೊಂದಿಗೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹುಳುಮನೆಗಳು ಇದರ ನೆಲೆ.

ಆರಂಭದಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಬೇಕು. ಜಾನಪದ ಅಧ್ಯಯನದಲ್ಲಿ ಇಂತಹ ವಿಷಯ ಬಂದಾಗ ಎರಡು ಬಗೆಯ ಅತಿರೇಕಗಳು ಸುಲಭವಾಗಿ ತಲೆಹಾಕುತ್ತವೆ. ಆಧುನಿಕ ವಿಜ್ಞಾನ ಕಂಡದ್ದೆಲ್ಲವೂ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು ಎಂಬುದು ಒಂದು. ಹಳ್ಳಿಯವರ ಬಳಿ ಇದ್ದದ್ದು ಅಭ್ಯಾಸವೇ ಹೊರತು ಜ್ಞಾನವಲ್ಲ ಎಂಬುದು ಇನ್ನೊಂದು. ನ್ಯಾನೊ ಎಂಬ ಅಳತೆ ಕೋಲಾರದ ಯಾವ ರೈತನಿಗೂ ತಿಳಿದಿರಲಿಲ್ಲ, ತಿಳಿದಿರಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಜೀವಿಯೊಂದು ತಾನು ನಿಂತ ಮೇಲ್ಮೈಯ ಆಕಾರಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಅದನ್ನು ಅವನು ಬಿದಿರಿನಲ್ಲಿ ಬರೆದಿಟ್ಟಿದ್ದ.

ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ವ್ಯವಸಾಯಕ್ಕೆ ರಾಜಾಶ್ರಯ ಒದಗಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ. 1780ರ ದಶಕದಲ್ಲಿ ಅವನು ಬಂಗಾಳಕ್ಕೆ ಜನರನ್ನು ಕಳುಹಿಸಿ ಹುಳುಗಳನ್ನು ತರಿಸಿದನು. ರಾಜ್ಯದ 21 ಕೇಂದ್ರಗಳಲ್ಲಿ ಸಾಕಣೆಗೆ ವ್ಯವಸ್ಥೆ ಮಾಡಿದನೆಂದು ಅವನ ಪತ್ರಗಳಿಂದ ತಿಳಿಯುತ್ತದೆ. ಅವನ ತಂದೆ ಹೈದರಾಲಿ ಹುಟ್ಟಿದ ಬೂದಿಕೋಟೆ ಕೋಲಾರ ಸೀಮೆಯದೇ ಎಂಬುದು ಇಲ್ಲಿ ಪ್ರಾಸಂಗಿಕವಾಗಿ ನೆನಪಿಗೆ ಬರುತ್ತದೆ. ಶ್ರೀರಂಗಪಟ್ಟಣದ ಪತನದ ಬಳಿಕ ಈ ಕಸುಬು ರಾಜಾಶ್ರಯವಿಲ್ಲದೆ ಮನೆಮನೆಗಳಲ್ಲಿ ಉಳಿಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕೆಂಗೇರಿಯಲ್ಲಿ ಇಟಲಿಯವನೊಬ್ಬನ ನೂಲು ತೆಗೆಯುವ ಕಾರ್ಖಾನೆ, ಶತಮಾನದ ಕೊನೆಯಲ್ಲಿ ಬೆಂಗಳೂರಿನಲ್ಲಿ ಜೆ.ಎನ್. ಟಾಟಾ ಅವರು ಜಪಾನಿ ತಜ್ಞರ ನೆರವಿನಿಂದ ನಡೆಸಿದ ರೇಷ್ಮೆ ಫಾರಂ, 1912ರಲ್ಲಿ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ, ಸ್ವಾತಂತ್ರ್ಯಾನಂತರ ಕೇಂದ್ರ ರೇಷ್ಮೆ ಮಂಡಳಿ, 1961ರಲ್ಲಿ ಮೈಸೂರಿನ ಕೇಂದ್ರೀಯ ಸಂಶೋಧನಾ ಸಂಸ್ಥೆ, 1980ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ. ಈ ಸಾಲು ಸಾಕಷ್ಟು ಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಯೋಜನೆ ಬಂದ ಅದೇ 1980ರಲ್ಲಿ ಊಜಿ ನೊಣವೂ ಕರ್ನಾಟಕಕ್ಕೆ ಬಂದಿತು ಎಂಬುದನ್ನು ಮಾತ್ರ ಸೇರಿಸಬೇಕು. ಹುಳುಮನೆಯ ಕಿಟಕಿಗಳಿಗೆ ಜಾಲರಿ ಬಂದದ್ದು ಆ ನೊಣದ ಕಾಟದಿಂದ.

ಈ ಅಧಿಕೃತ ಚರಿತ್ರೆಯ ಬದಿಯಲ್ಲಿಯೇ ಮಾತಿನ ಚರಿತ್ರೆಯೊಂದಿದೆ. ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ಸಾಕುವವರು ಪ್ರತಿಯೊಂದನ್ನೂ ‘ಜ್ವರ’ ಎನ್ನುತ್ತಾರೆ. ಮೊದಲ ಜ್ವರ, ಎರಡನೆಯ ಜ್ವರ ಎಂದು ಎಣಿಸುತ್ತಾರೆ. ಜ್ವರಕ್ಕೆ ಕೂತ ಹುಳು ತಲೆಯೆತ್ತಿ ಅಲುಗದೆ ನಿಲ್ಲುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಜ್ವರದವರನ್ನು ಅಲುಗಾಡಿಸಬಾರದು, ಅವರಿಗೆ ಊಟ ಹಾಕಬಾರದು ಎಂಬ ಮನೆಯ ಪಥ್ಯದ ನಿಯಮವೇ ಇಲ್ಲಿ ಹುಳುವಿಗೂ ಅನ್ವಯಿಸುತ್ತದೆ. ನಾಲ್ಕನೆಯ ಜ್ವರ ಎದ್ದ ಮೇಲೆ ಹುಳು ಹಗಲಿರುಳು ತಿನ್ನುತ್ತದೆ. ಮೊಟ್ಟೆಯೊಡೆದಾಗ ಇದ್ದ ತೂಕದ ಸುಮಾರು ಹತ್ತು ಸಾವಿರ ಪಟ್ಟು ಬೆಳೆದು, ನಾಲ್ಕು ವಾರಗಳ ಆಸುಪಾಸಿನಲ್ಲಿ ತಿನ್ನುವುದನ್ನು ನಿಲ್ಲಿಸಿ, ಮೈ ಪಾರದರ್ಶಕವಾಗಿ ಹೊಳೆಯುತ್ತದೆ. ಆಗ ಅದು ‘ಹಣ್ಣಾಯಿತು’. ಜ್ವರ ಮನುಷ್ಯನ ದೇಹದಿಂದ, ಹಣ್ಣು ತೋಟದಿಂದ ಬಂದ ರೂಪಕಗಳು, ಗೂಡು ಹಕ್ಕಿಯಿಂದ. ತೆಲುಗು ಬೆರೆತ ಗಡಿ ತಾಲ್ಲೂಕುಗಳಲ್ಲಿ ಹಿಪ್ಪುನೇರಳೆ ‘ಕಂಬಳಿ’ ಗಿಡವಾಗುತ್ತದೆ. ರೇಷ್ಮೆ ಇಲಾಖೆಯ ಕೈಪಿಡಿಗಳು ಈ ಪದಗಳಲ್ಲಿ ಕೆಲವನ್ನು ಉಳಿಸಿಕೊಂಡವು, ಕೆಲವನ್ನು ಕೈಬಿಟ್ಟವು. ‘ಜ್ವರ’ವನ್ನು ಉಳಿಸಿಕೊಂಡದ್ದು ವಿವೇಕದ ಕೆಲಸವೆಂದೇ ನನ್ನ ಅಭಿಪ್ರಾಯ, ಆ ಒಂದು ಪದದಲ್ಲಿ ಅರ್ಧ ಪಾಠವೇ ಇದೆ.

ಹಣ್ಣಾದ ಹುಳುವನ್ನು ಬಿಡುವುದು ಚಂದ್ರಿಕೆಗೆ. ಕೆಲವೆಡೆ ‘ಚಂದ್ರಂಕಿ’ ಎಂದೂ ಕರೆಯುವ ಈ ಸಾಧನವು ಬಿದಿರಿನ ಚಾಪೆಯ ಮೇಲೆ ಬಿದಿರಿನದೇ ಪಟ್ಟಿಯನ್ನು ನಿಲ್ಲಿಸಿ, ಹೊರಗಿನಿಂದ ಒಳಕ್ಕೆ ಸುತ್ತುತ್ತ ಹೋದ ಸುರುಳಿ. ಆಳೆತ್ತರದ ಒಂದು ಚಂದ್ರಿಕೆಯಲ್ಲಿ ಸುಮಾರು ಒಂದು ಸಾವಿರ ಹುಳುಗಳನ್ನು ಬಿಡಬಹುದು. ಹೆಣೆಯುವವರು ಮೇದರು. ಬೆಳೆಗೊಮ್ಮೆ ಕೆಲವೇ ದಿನ ಬೇಕಾಗುವ ವಸ್ತುವಾದ್ದರಿಂದ ಬಾಡಿಗೆಗೆ ತಂದು ಮರಳಿಸುವ ರೂಢಿಯೂ ಬೆಳೆಯಿತು. ಈ ಸುರುಳಿಯ ಅರ್ಥವನ್ನು ತಿಳಿಯಬೇಕಾದರೆ ಅದಿಲ್ಲದಿದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು. ಮೂಲೆಯಾಗಲೀ ಎತ್ತರವಾಗಲೀ ಸಿಗದ ಸಮತಟ್ಟಾದ ಹಾಸಿನ ಮೇಲೆ ಬಿಟ್ಟರೆ ಹುಳು ಗೂಡನ್ನೇ ಕಟ್ಟುವುದಿಲ್ಲ. ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತ ನೂಲು ಬಿಡುತ್ತದೆ, ಆದರೆ ಅದು ಹಾಳೆಯಂತೆ ಹರಡಿಹೋಗುತ್ತದೆ. ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಮೀಡಿಯಾ ಲ್ಯಾಬ್‌ನವರು 2013ರಲ್ಲಿ 6500 ಹುಳುಗಳನ್ನು ಚೌಕಟ್ಟಿನ ಮೇಲೆ ಬಿಟ್ಟು ಗುಮ್ಮಟದಂತಹ ರೇಷ್ಮೆ ಮಂಟಪವೊಂದನ್ನು ಕಟ್ಟಿಸಿದ್ದು ಇದೇ ಗುಣವನ್ನು ನೆಚ್ಚಿ. ಅದನ್ನು ವಾಸ್ತುಶಿಲ್ಪದ ಹೊಸ ಆವಿಷ್ಕಾರವೆಂದು ಜಗತ್ತು ಕೊಂಡಾಡಿತು. ಮೇದರ ಸುರುಳಿ ಅದೇ ತಿಳಿವಳಿಕೆಯ ಮತ್ತೊಂದು ಮುಖ: ಹುಳು ಹಾಳೆ ಹಾಸದೆ ಗೂಡೇ ಕಟ್ಟಬೇಕಾದರೆ ಎರಡು ಗೋಡೆಗಳ ನಡುವೆ ಇಷ್ಟೇ ಅಂತರವಿರಬೇಕು. ಅಂತರ ಹೆಚ್ಚಾದರೆ ಆಧಾರಕ್ಕಾಗಿ ನೂಲು ವ್ಯರ್ಥ. ಕಡಿಮೆಯಾದರೆ ಗೂಡು ಚಪ್ಪಟೆ. ಹುಳು ದಟ್ಟವಾದರೆ ಎರಡು ಹುಳು ಸೇರಿ ಒಂದೇ ಗೂಡು.

ಮೇಲ್ಮೈಯ ಆಕಾರ ಜೀವಿಗೆ ಆಣತಿ ಕೊಡುತ್ತದೆ ಎಂಬ ಈ ಸಂಗತಿಯನ್ನು ಜೀವಕೋಶದ ಮಟ್ಟದಲ್ಲಿ ಕಂಡದ್ದು 20ನೆಯ ಶತಮಾನದ ಜೀವವಿಜ್ಞಾನ. ಸ್ವಾರಸ್ಯವೆಂದರೆ ಅಲ್ಲಿಯೂ ಮೊದಲಿಗೆ ಬರುವುದು ಕೀಟಲೋಕದ ನಂಟಿನ ನೂಲೇ. ಅಮೆರಿಕದ ರಾಸ್ ಹ್ಯಾರಿಸನ್ 1914ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಭ್ರೂಣದ ಜೀವಕೋಶಗಳನ್ನು ಜೇಡರ ಬಲೆಯ ಎಳೆಗಳ ಮೇಲೆ ಬಿಟ್ಟು, ಅವು ಎಳೆಯ ಗುಂಟ ನೀಳವಾಗಿ ಚಾಚಿ ಸಾಗುವುದನ್ನು ವರ್ಣಿಸಿದನು. ಘನವಸ್ತುವಿನ ಆಸರೆ ಇಲ್ಲದೆ ಕೋಶ ಚಲಿಸದು, ಆಸರೆಯ ರೂಪವೇ ಅದರ ದಾರಿ ಎಂಬುದು ಅವನ ನಿರ್ಣಯ. 1940ರ ದಶಕದಲ್ಲಿ ಪಾಲ್ ವೈಸ್ ಇದನ್ನು ‘ಸ್ಪರ್ಶದ ಮಾರ್ಗದರ್ಶನ’ ಎಂಬರ್ಥದ ಹೆಸರಿನಿಂದ ಕರೆದನು. ಇಲ್ಲಿ ಜನಪದ ವೈದ್ಯದ ಒಂದು ವಾಡಿಕೆ ನೆನಪಾಗದಿರದು. ಕೊಯ್ದ ಗಾಯಕ್ಕೆ ಜೇಡರ ಬಲೆಯನ್ನು ಒತ್ತಿ ರಕ್ತ ನಿಲ್ಲಿಸುವುದು ನಮ್ಮ ಹಳ್ಳಿಗಳಲ್ಲಿಯೂ ಯೂರೋಪಿನಲ್ಲಿಯೂ ಇದ್ದ ಪದ್ಧತಿ. ಅದನ್ನು ಹ್ಯಾರಿಸನ್‌ನ ಪ್ರಯೋಗಕ್ಕೆ ನೇರವಾಗಿ ಗಂಟು ಹಾಕುವುದು ಸರಿಯಲ್ಲ. ಅಟ್ಟದ ಬಲೆಯಲ್ಲಿ ಎಳೆಯ ಜೊತೆಗೆ ಧೂಳೂ ಸೋಂಕೂ ಇರುತ್ತವೆ. ನೂಲಿಗೂ ಗಾಯಕ್ಕೂ ಸಂಬಂಧ ಕಂಡಿದ್ದರೆಂಬಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ.

ಅಳತೆಯ ಕಲ್ಪನೆಗಾಗಿ ಕೋಲಾರದ ರಾಗಿಯನ್ನೇ ತೆಗೆದುಕೊಳ್ಳಬಹುದು. ಒಂದು ಕಾಳಿನ ಅಡ್ಡಗಲ ಸುಮಾರು ಒಂದೂವರೆ ಮಿಲಿಮೀಟರ್, ಅಂದರೆ 15 ಲಕ್ಷ ನ್ಯಾನೊಮೀಟರ್. 2007ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದ ಮ್ಯಾಥ್ಯೂ ಡಾಲ್ಬಿ ಮತ್ತು ಸಂಗಡಿಗರು ಪ್ಲಾಸ್ಟಿಕ್ ಮೇಲ್ಮೈಯಲ್ಲಿ 120 ನ್ಯಾನೊಮೀಟರ್ ಅಗಲದ ಗುಳಿಗಳನ್ನು ಸರಾಸರಿ 300 ನ್ಯಾನೊಮೀಟರ್‌ಗೆ ಒಂದರಂತೆ ಮೂಡಿಸಿದರು. ರಾಗಿ ಕಾಳಿನ ಅಗಲದಲ್ಲಿ ಅಂತಹ ಐದು ಸಾವಿರ ಗುಳಿಗಳು ಸಾಲಾಗಿ ಹಿಡಿಯುತ್ತವೆ. ಗುಳಿಗಳು ಕಟ್ಟುನಿಟ್ಟಾದ ಚೌಕದಲ್ಲಿದ್ದಾಗ ಮೂಳೆಮಜ್ಜೆಯ ಮೂಲಕೋಶಗಳಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಾಗಲಿಲ್ಲ. ಅವನ್ನು ಚೌಕದಿಂದ ಸುಮಾರು 50 ನ್ಯಾನೊಮೀಟರ್‌ನಷ್ಟು ಅತ್ತಿತ್ತ ಸರಿಸಿ ತುಸು ಓರೆಕೋರೆ ಮಾಡಿದಾಗ, ಮೂಳೆಯಾಗುವಂತೆ ಪ್ರಚೋದಿಸುವ ಯಾವ ರಾಸಾಯನಿಕವನ್ನೂ ಹಾಕದೆಯೇ ಆ ಕೋಶಗಳು ಮೂಳೆಯ ದಾರಿ ಹಿಡಿದವು. ವಸ್ತು ಒಂದೇ, ಗುಳಿಯ ಗಾತ್ರವೂ ಒಂದೇ, ಬದಲಾದದ್ದು ಜೋಡಣೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ದಿಕ್ಕಿನದು. ಅವರು ಮೂಳೆ ಕಸಿಗೆ ಬಳಸುವ ಟೈಟಾನಿಯಂ ಲೋಹದ ಮೇಲ್ಮೈಯನ್ನು ಕೊರೆದು ಸೂಜಿಗಳ ಕಾಡಿನಂತಹ ನ್ಯಾನೊ ರಚನೆಯನ್ನು ಮಾಡಿದರು. ಆ ಸೂಜಿಗಳ ಮೇಲೆ ಕುಳಿತ ಬ್ಯಾಕ್ಟೀರಿಯಾಗಳ ಪೊರೆ ಒಡೆದು ಅವು ಸಾಯುತ್ತವೆ, ಮನುಷ್ಯನ ಕೋಶಗಳಾದರೋ ಅಲ್ಲಿ ಬಾಳುತ್ತವೆ. ಈ ಬಗೆಯ ಸಂಶೋಧನೆಗೆ ಪ್ರೇರಣೆ ಒದಗಿಸಿದ್ದು ಜೀರುಂಡೆಯ ರೆಕ್ಕೆ. ಅದರ ಮೇಲಿನ ನ್ಯಾನೊ ಕಂಬಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಎಂಬುದನ್ನು ಆಸ್ಟ್ರೇಲಿಯಾದಲ್ಲಿ ಎಲೆನಾ ಇವನೋವಾ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದರು.

ಇನ್ನು ರೇಷ್ಮೆಯ ಸರದಿ. ಶಸ್ತ್ರವೈದ್ಯದಲ್ಲಿ ರೇಷ್ಮೆ ನೂಲಿನ ಹೊಲಿಗೆ ಹಳೆಯದು. ಗಾಯ ಹೊಲಿಯುವ ಎಳೆಗಳನ್ನು ಹೇಳುವಾಗ ಸುಶ್ರುತ ಸಂಹಿತೆ ಸೆಣಬು, ನಾರು, ಸ್ನಾಯು, ಕೂದಲುಗಳನ್ನು ಹೆಸರಿಸುತ್ತದೆ. ಅದರಲ್ಲಿ ರೇಷ್ಮೆಯನ್ನು ಓದಿಕೊಳ್ಳುವುದು ಬಲವಂತ. ಯೂರೋಪಿನಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಥಿಯೋಡರ್ ಕೋಖರ್ ಮುಂತಾದ ಶಸ್ತ್ರವೈದ್ಯರು ಶುದ್ಧೀಕರಿಸಿದ ರೇಷ್ಮೆ ನೂಲನ್ನು ಎತ್ತಿಹಿಡಿದರು. ಯುನಾನಿ ವೈದ್ಯದಲ್ಲಿ ಗೂಡು ‘ಅಬ್ರೇಶಮ್’ ಎಂಬ ಹೆಸರಿನಿಂದ ಹೃದಯಕ್ಕೆ ಬಲ ಕೊಡುವ ಔಷಧಗಳಲ್ಲಿ ಸೇರಿದೆ. ಕೋಲಾರ ಚಿಕ್ಕಬಳ್ಳಾಪುರ ಸೀಮೆಯ ನೂಲು ಬಿಚ್ಚಾಣಿಕೆದಾರರಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಈ ಔಷಧದ ನೆನಪು ಆ ಮನೆಗಳಲ್ಲಿ ಎಷ್ಟರಮಟ್ಟಿಗಿದೆ ಎಂಬುದು ಸಂಗ್ರಹ ಯೋಗ್ಯ ವಿಷಯ.

ಗೂಡಿನ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗಿನ ಜೋಡಿ ಎಳೆ ಫೈಬ್ರೋಯಿನ್, ಸುಮಾರು ಮುಕ್ಕಾಲು ಪಾಲು. ಅದನ್ನು ಅಂಟಿನಂತೆ ಆವರಿಸಿದ್ದು ಸೆರಿಸಿನ್, ಉಳಿದ ಕಾಲು ಪಾಲು. ಬಿಚ್ಚಾಣಿಕೆ ಮನೆಯಲ್ಲಿ ಗೂಡನ್ನು ಬಿಸಿನೀರಿನಲ್ಲಿ ಬೇಯಿಸುವುದು ಈ ಅಂಟನ್ನು ಸಡಿಲಿಸಿ ಎಳೆಯ ತುದಿ ಹಿಡಿಯಲೆಂದೇ. ಪ್ರಯೋಗಶಾಲೆಯವರೂ ಮೊದಲು ಮಾಡುವುದು ಇದನ್ನೇ: ಕತ್ತರಿಸಿದ ಗೂಡನ್ನು ಸೋಡಾ ಬೆರೆತ ನೀರಿನಲ್ಲಿ ಅರ್ಧ ಗಂಟೆ ಕುದಿಸಿ ಸೆರಿಸಿನ್ ತೊಳೆಯುತ್ತಾರೆ. ಬಳಿಕ ಫೈಬ್ರೋಯಿನ್‌ನ ಎಳೆಯನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ಗಟ್ಟಿ ದ್ರಾವಣದಲ್ಲಿ 60 ಡಿಗ್ರಿ ಶಾಖದಲ್ಲಿ ಕೆಲವು ಗಂಟೆ ಕರಗಿಸಿ, ಲವಣವನ್ನು ನೀರಿಗೆ ಸೋಸಿಬಿಟ್ಟರೆ ಉಳಿಯುವುದು ರೇಷ್ಮೆಯ ನೀರು. ಹುಳುವಿನ ಗ್ರಂಥಿಯಲ್ಲಿ ನೂಲಾಗುವ ಮೊದಲು ಇದ್ದ ಸ್ಥಿತಿಗೆ ಅದನ್ನು ಹೆಚ್ಚುಕಡಿಮೆ ಮರಳಿಸಿದಂತೆ.

ಈ ದ್ರವವನ್ನು ಅಚ್ಚಿಗೆ ಸುರಿಯುತ್ತಾರೆ. ಇಲ್ಲಿ ನಮ್ಮ ಓದುಗರಿಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ತಕ್ಕ ಹೋಲಿಕೆ. ಮರದ ಅಚ್ಚಿನಲ್ಲಿ ಕೊರೆದ ಹೂವು ಗಿಳಿಗಳು ಪಾಕ ಆರುವಾಗ ಸಕ್ಕರೆಯ ಮೈಮೇಲೆ ಮೂಡುವಂತೆ, ಸಿಲಿಕಾನ್ ಬಿಲ್ಲೆಯಲ್ಲಿ ಕೊರೆದು ರಬ್ಬರಿಗೆ ಇಳಿಸಿದ ಗೆರೆಗಳು ರೇಷ್ಮೆಯ ನೀರು ಒಣಗುವಾಗ ಪೊರೆಯ ಮೇಲೆ ಮೂಡುತ್ತವೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಸಕ್ಕರೆಯ ಹರಳು ಒರಟು. ಗಿಳಿಯ ಕಣ್ಣು ಮೂಡಿದರೆ ಅದೇ ಹೆಚ್ಚು. ರೇಷ್ಮೆಯಾದರೋ ಕೆಲವು ಹತ್ತು ನ್ಯಾನೊಮೀಟರ್‌ಗಳ ವಿವರವನ್ನೂ ಬಿಡದೆ ಹಿಡಿಯುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಮತ್ತು ಫಿಯೊರೆಂಜೊ ಒಮೆನೆಟ್ಟೊ ಅವರ ತಂಡ 2008ರಲ್ಲಿ ಇದನ್ನು ಪ್ರಕಟಿಸಿತು. 2010ರಲ್ಲಿ ಬಿಸಿಯೊತ್ತಿನಿಂದ ಅಚ್ಚು ಹಾಕುವ ಕ್ರಮವೂ ಬಂದಿತು. 2014ರಲ್ಲಿ ಇಲೆಕ್ಟ್ರಾನ್ ಕಿರಣದಿಂದ ರೇಷ್ಮೆಯ ಪೊರೆಯ ಮೇಲೆಯೇ ಬರೆದು ಬರಿಯ ನೀರಿನಿಂದ ತೊಳೆದು ವಿನ್ಯಾಸ ತೆಗೆಯುವ ಕ್ರಮವೂ. ಚಿಪ್ಪು ತಯಾರಿಸುವವರು ಕಟುವಾದ ದ್ರಾವಕಗಳನ್ನು ಬಳಸುವ ಕಡೆ ಇಲ್ಲಿ ನೀರು ಸಾಕು. ಮೇಲೆ ಬಿಟ್ಟ ಜೀವಕೋಶಕ್ಕಾಗಲೀ ಪೊರೆಯೊಳಗೆ ಇಟ್ಟ ಔಷಧಕ್ಕಾಗಲೀ ಹಾನಿಯಿಲ್ಲ. ಗೆರೆಯೆಳೆದ ಇಂತಹ ಪೊರೆಗಳ ಮೇಲೆ ಕಣ್ಣಿನ ಕಾರ್ನಿಯಾದ ಕೋಶಗಳು ಗೆರೆಯ ಗುಂಟ ಸಾಲುಗಟ್ಟುತ್ತವೆ. ಹ್ಯಾರಿಸನ್ ಬಲೆಯ ಎಳೆಯ ಮೇಲೆ ಕಂಡದ್ದೂ ಇದನ್ನೇ.

ಭಾರತದಲ್ಲಿ ಖರಗಪುರದ ಐ.ಐ.ಟಿ.ಯಲ್ಲಿ ಸುಭಾಷ್ ಕುಂಡು ಅವರ ತಂಡವು ಕಾಡುರೇಷ್ಮೆಗಳನ್ನೂ ಸೇರಿಸಿ ಈ ದಿಕ್ಕಿನಲ್ಲಿ ದೀರ್ಘಕಾಲ ಕೆಲಸ ಮಾಡಿದೆ. ಬೆಂಗಳೂರಿನ ಫೈಬ್ರೋಹೀಲ್ ಸಂಸ್ಥೆ ರೇಷ್ಮೆಯ ಪ್ರೋಟೀನಿನಿಂದ ಗಾಯದ ಪಟ್ಟಿಗಳನ್ನು ತಯಾರಿಸುತ್ತಿದೆ. ಅವು ಬೆಲೆಬಾಳುವ ವೈದ್ಯಕೀಯ ಸರಕುಗಳು. ನ್ಯಾನೊ ವಿನ್ಯಾಸದ ಪೊರೆಗಳು ಬಹುಮಟ್ಟಿಗೆ ಇನ್ನೂ ಪ್ರಯೋಗಶಾಲೆಯ ವಸ್ತುಗಳೇ ಎಂಬುದನ್ನೂ ಮರೆಯಬಾರದು. ಅಚ್ಚಿನಲ್ಲಿ ಬೆರಳಗಲದ ಪೊರೆ ತೆಗೆಯುವುದಕ್ಕೂ ಆಸ್ಪತ್ರೆಗೆ ಬೇಕಾದಷ್ಟನ್ನು ಒಂದೇ ಗುಣಮಟ್ಟದಲ್ಲಿ ತೆಗೆಯುವುದಕ್ಕೂ ಬಹಳ ದೂರವಿದೆ. ಗೂಡಿನ ತಳಿ, ಸೊಪ್ಪು, ಕುದಿಸಿದ ಹೊತ್ತು ಇವುಗಳ ಮೇಲೆ ಫೈಬ್ರೋಯಿನ್‌ನ ಗುಣ ಬದಲಾಗುತ್ತದೆ. ಹುಳುಮನೆಯ ತಿಳಿವಳಿಕೆ ಪ್ರಯೋಗಶಾಲೆಗೆ ನಿಜವಾಗಿ ಬೇಕಾಗುವುದು ಈ ಜಾಗದಲ್ಲಿ. ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯನ್ನು ಕೂಡಿಸಿ ಪಡೆದ, ‘ಕೋಲಾರ ಗೋಲ್ಡ್’ ಎಂದೇ ಹೆಸರಾದ ಮಿಶ್ರತಳಿಯ ಹಳದಿ ಗೂಡಿಗೂ ದ್ವಿತಳಿಯ ಬಿಳಿ ಗೂಡಿಗೂ ಇರುವ ವ್ಯತ್ಯಾಸವನ್ನು ಬಿಚ್ಚಾಣಿಕೆದಾರ ಬೆರಳಿನಿಂದ ಹೇಳಬಲ್ಲ. ಮೋಡ ಕವಿದ ವಾರದಲ್ಲಿ ಹಣ್ಣಾದ ಹುಳುವಿನ ಗೂಡು ಏಕೆ ಸಲೀಸಾಗಿ ಬಿಚ್ಚುವುದಿಲ್ಲ ಎಂಬುದನ್ನೂ ಹೇಳಬಲ್ಲ.

ಆ ಬೆರಳಿನ ವಿಷಯವನ್ನು ಬಿಟ್ಟು ಈ ಚರಿತ್ರೆಯನ್ನು ಬರೆಯಲಾಗದು. ಚರಕದ ಮುಂದೆ, ಕಾಟೇಜ್ ಬೇಸಿನ್ನಿನ ಮುಂದೆ ಕುಳಿತವರ ಕೈ ದಿನವಿಡೀ ಬಿಸಿಯಾದ ಅಂಟುನೀರಿನಲ್ಲಿ. ಚರ್ಮ ಬಿರಿಯುವುದು, ಹುಣ್ಣಾಗುವುದು, ಬೆಂದ ಹುಳುವಿನ ವಾಸನೆ ಮತ್ತು ಹಬೆಯಿಂದ ಉಸಿರಾಟದ ತೊಂದರೆ ಈ ಕಸುಬಿನ ಎಂದಿನ ಬಾಧೆಗಳು. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಸ್ಥಿತಿಯನ್ನು ದಾಖಲಿಸಿತು. ಬೇಸಿನ್ನಿನಿಂದ ಚರಂಡಿಗೆ ಹರಿಯುವ ಆ ಅಂಟು ಸೆರಿಸಿನ್. ಇಂದು ಅದನ್ನೇ ಸೋಸಿ ತೆಗೆದು ಚರ್ಮದ ಲೇಪಗಳಲ್ಲಿ, ಗಾಯದ ಔಷಧಗಳಲ್ಲಿ ಬಳಸುತ್ತಾರೆ. ಒಂದೇ ವಸ್ತು ಒಬ್ಬರ ಕೈಯನ್ನು ಹುಣ್ಣು ಮಾಡಿ ಇನ್ನೊಬ್ಬರ ಹುಣ್ಣನ್ನು ಮಾಯಿಸುತ್ತದೆ ಎಂದರೆ ವ್ಯಂಗ್ಯವಾಗಿ ಕೇಳಬಹುದು. ಆದರೆ ಇದರಲ್ಲಿ ರಸಾಯನದ ಒಗಟೇನೂ ಇಲ್ಲ. ಬಿಸಿನೀರಿನಲ್ಲಿ ಎಷ್ಟು ಹೊತ್ತು, ಯಾವ ಕೂಲಿಗೆ ಎಂಬುದಷ್ಟೇ ವ್ಯತ್ಯಾಸ.

ಚಂದ್ರಿಕೆಯೂ ಈಗ ಹಿಂದೆ ಸರಿಯುತ್ತಿದೆ. ಮಡಚಿಡಬಹುದಾದ ಪ್ಲಾಸ್ಟಿಕ್ಕಿನ ‘ನೇತ್ರಿಕೆ’, ಒಂದು ಹುಳುವಿಗೆ ಒಂದು ಕೋಣೆಯಂತೆ ಚೌಕಗಳಿರುವ ತಿರುಗುವ ಚಂದ್ರಿಕೆ ಇವು ಅದರ ಜಾಗಕ್ಕೆ ಬಂದಿವೆ. ತೊಳೆಯಲು ಸುಲಭ, ರೋಗ ಉಳಿಯುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಬಿದಿರಿನ ಸಂದುಗಳಲ್ಲಿ ಸೋಂಕು ಕೂರುವುದು ಸುಳ್ಳಲ್ಲ. ಹಳೆಯ ವಸ್ತು ಹೋಗುತ್ತಿದೆಯೆಂದು ಹಲುಬುವುದು ಜಾನಪದ ವಿದ್ವಾಂಸನ ಕೆಲಸವಲ್ಲ. ಆದರೆ ಅಂತರದ ಲೆಕ್ಕ, ಪಟ್ಟಿಯ ಎತ್ತರ, ಸುರುಳಿಯನ್ನು ಯಾವ ದಿಕ್ಕಿಗೆ ಸುತ್ತಬೇಕು, ಬಿಸಿಲಿಗೆ ಎಷ್ಟು ಓರೆಯಾಗಿ ನಿಲ್ಲಿಸಬೇಕು ಎಂಬ ಮೇದರ ಮತ್ತು ಸಾಕಣೆದಾರರ ಮಾತು ಯಾವ ಪದಕೋಶದಲ್ಲಿಯೂ ಪೂರ್ಣವಾಗಿ ಸೇರಿಲ್ಲ. ಸುರುಳಿಯನ್ನು ವಸ್ತುಸಂಗ್ರಹಾಲಯದ ಗೋಡೆಗೆ ತೂಗುಹಾಕಿದರೆ ಆ ಲೆಕ್ಕ ಉಳಿಯುವುದಿಲ್ಲ.

ಕೊನೆಯದಾಗಿ ಜೋಡಿ ಗೂಡಿನ ವಿಷಯ. ಎರಡು ಹುಳು ಸೇರಿ ಕಟ್ಟಿದ ಗೂಡಿನಲ್ಲಿ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಸಲೀಸಾಗಿ ಬಿಚ್ಚಲು ಬರುವುದಿಲ್ಲ. ಊಜಿ ಹೊಡೆದು ತೂತಾದ ಗೂಡಿನಲ್ಲಿ ಎಳೆ ತುಂಡಾಗಿರುತ್ತದೆ. ಚೆನ್ನಾದ ಮೈಸೂರು ತಳಿಯ ಗೂಡು 300ರಿಂದ 400 ಮೀಟರ್, ದ್ವಿತಳಿಯ ಗೂಡು ಸಾವಿರ ಮೀಟರಿನಷ್ಟು ಅಖಂಡ ಎಳೆ ಕೊಡುವಾಗ, ಇವುಗಳನ್ನು ಆರಿಸಿ ಬುಟ್ಟಿಯ ಬದಿಗೆ ಹಾಕಿ ಅಗ್ಗಕ್ಕೆ ಮಾರಿಬಿಡುತ್ತಾರೆ. ಆದರೆ ಕತ್ತರಿಸಿ, ಕುದಿಸಿ, ಕರಗಿಸಿ ಪೊರೆಯಾಗಿಸುವವರಿಗೆ ಎಳೆಯ ಉದ್ದ ಬೇಕಾಗಿಲ್ಲ. ಫೈಬ್ರೋಯಿನ್ ಶುದ್ಧವಾಗಿದ್ದರೆ ಸಾಕು. ಕೋಲಾರದ ಗೂಡಿನ ಮಾರುಕಟ್ಟೆಯಲ್ಲಿ ಬದಿಗೆ ಬಿದ್ದ ಆ ಗೂಡುಗಳನ್ನು ತಳಿ ಮತ್ತು ಊರಿನ ಹೆಸರಿನೊಂದಿಗೆ ಬೇರೆಯಾಗಿ ತೂಗಿ ಕೊಳ್ಳುವ ಏರ್ಪಾಡು ಮಾಡಿದರೆ ಅದರಿಂದ ಸಾಕಣೆದಾರನಿಗೂ ಸಂಶೋಧಕನಿಗೂ ಲಾಭವುಂಟು.